ಹೊಟ್ಟೆಗಿಲ್ಲದ ಹಾರ್ಡ್ ಡಿಸ್ಕು

ಕಳೆದ ಸಂಚಿಕೆಯಲ್ಲಿ ನಾವು ಮಿಕ್ಸರಿನಿಂದ ಸುಟ್ಟ ವಾಸನೆ ಬರುವುದೇಕೆಂದು ಬರೆದಿದ್ದೆವಷ್ಟೆ. ಅದನ್ನೋದಿದ ಸೋದರಿಯರು ಕೆಲವರು ಕಾಗದ ಬರೆದು, ಮುಂದಿನ ಬಾರಿ ಫ್ರಿಜ್ಜಿನ ಸಮಾಚಾರವಿರಲಿ ಎಂದು ಅಪ್ಪಣೆ ಮಾಡಿದ್ದರು. ನಾವೂ ಅದಕ್ಕೆಂದು ನಾಲ್ಕು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆವು. ಅಷ್ಟರಲ್ಲಿ ಆಷಾಢದ ಒಂದು ಭಾನುವಾರ, ವಡಾಲದಲ್ಲಿ ಮಳೆ ಹಿಡಿದು ಹೊಡೆಯುತ್ತಿದ್ದ ಹೊತ್ತಿನಲ್ಲಿ, ನಮ್ಮ ಕಟ್ಟಡದ ಮೂರನೆಯ ಮಹಡಿಯ ರಾಯರು ಬಾಗಿಲು ತಟ್ಟಿದರು. ಕಂಕುಳಲ್ಲಿ ಒಂದು ಸ್ಟೀಲಿನ ಡಬ್ಬಿ. ಚಕ್ಕುಲಿ ತಂದಿದ್ದಾರೆಂದು ನಮ್ಮ ಮನೆಯವರು ತಟ್ಟೆ ತರಲು ಒಳಕ್ಕೆ ಹೋದದ್ದೂ ಆಯಿತು. ಡಬ್ಬಿ ತೆರೆದರೆ ಒಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕು!

"ನೋಡ್ರಿ, ಇದರಾಗ ಜೀವ ಅದನೋ ಇಲ್ಲೋ ಅಷ್ಟು ಹೇಳ್ರಿ" ಎಂದರು ರಾಯರು. "ಅಂಗಡ್ಯಾಂವ ಸತ್ತದ ಅಂತಾನ."

ಹೀಗಾಗಿ ಫ್ರಿಜ್ಜು ಈ ಸಲ ಹಿಂದೆ ಬಿತ್ತು. ಸೋದರಿಯರು ಕ್ಷಮಿಸಬೇಕು.

ರಾಯರು ಧಾರವಾಡದ ಕಡೆಯವರು. ಬಂದರಿನ ಕಚೇರಿಯಲ್ಲಿ ಮೂವತ್ತು ವರುಷ ದುಡಿದು ನಿವೃತ್ತರಾದವರು. ೧೯೮೬ರಲ್ಲಿ ಅವರ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಊರಿನಿಂದ ಅವರ ತಾಯಿ ಬಂದು ಎರಡು ತಿಂಗಳು ಇದ್ದರಂತೆ. ಆಕೆಗೆ ಹಾಡು ಎಂದರೆ ಉಸಿರಿನಷ್ಟು ಸಲೀಸು. ಜೋಗುಳ, ಬೀಸುವ ಪದ, ಆರತಿಯ ಹಾಡು, ಮದುವೆಯಲ್ಲಿ ಎಣ್ಣೆ ಹಚ್ಚುವಾಗ ಹೇಳುವ ಹಾಡು, ಹೀಗೆ ಒಂದಾದ ಮೇಲೊಂದು ಬರುತ್ತಿದ್ದುವು. ರಾಯರು ಆಗ ಹೊಸದಾಗಿ ಕೊಂಡಿದ್ದ ಟೇಪ್ ರಿಕಾರ್ಡರನ್ನು ಅಡಿಗೆಯ ಮನೆಯ ಬಾಗಿಲಲ್ಲಿ ಇಟ್ಟು ಏಳು ಕ್ಯಾಸೆಟ್ಟು ತುಂಬಿಸಿಕೊಂಡರು. ತಾಯಿ ೧೯೯೪ರಲ್ಲಿ ಹೋದರು. ಕ್ಯಾಸೆಟ್ಟುಗಳಿಗೆ ಮುಂಬಯಿಯ ಮಳೆಗಾಲದ ಬೂಷ್ಟು ಹಿಡಿಯಿತು. ೨೦೧೧ರಲ್ಲಿ ಮಗ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಈ ಡಿಸ್ಕಿಗೆ ಹಾಕಿದ. ಎಲ್ಲ ಒಟ್ಟು ೪೩ ಹಾಡು. ಆ ಮೇಲೆ ಕ್ಯಾಸೆಟ್ಟುಗಳು ರದ್ದಿಯವನ ಪಾಲಾದುವು, ಕಂಪ್ಯೂಟರನ್ನು ಮಾರಿದರು. ಉಳಿದದ್ದು ಇದೊಂದೇ.

"ಶ್ರಾವಣದಾಗ ಹುಬ್ಬಳ್ಳ್ಯಾಗ ನಮ್ಮ ತಂಗಿ ಮೊಮ್ಮಗಳ ಮದುವಿ. ಅವ್ವನ ಎಣ್ಣಿ ಹಾಡು ಹಚ್ಚೋಣಂತ ಎಲ್ಲಾರಿಗೂ ಹೇಳೀನಿ. ಬ್ಯಾರೆ ಎಲ್ಲೂ ಇಲ್ರಿ ಅದು" ಎಂದು ರಾಯರು ಸುಮ್ಮನಾದರು. ಅಂಗಡಿಯವನು ಮೂವತ್ತು ಸಾವಿರ ರೂಪಾಯಿ ಕೇಳಿದ್ದನಂತೆ. ಅದೂ, ಹಾಡು ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂಬ ಮಾತಿನ ಮೇಲೆ.

ನಾವು ಮೊದಲು ಮಾಡಿದ ಕೆಲಸ ಕಿವಿಗೊಟ್ಟು ಕೇಳಿದ್ದು. ವೈದ್ಯರು ಎದೆಗೆ ನಳಿಗೆ ಇಟ್ಟು ಕೇಳುವಂತೆ ಡಿಸ್ಕನ್ನು ಮೇಜಿನ ಮೇಲಿಟ್ಟು, ಫ್ಯಾನು ಆರಿಸಿ, ಅದು ಏನು ಮಾಡುತ್ತದೆಂದು ಗಮನಿಸಿದೆವು. ದೀಪ ಹತ್ತಿತು. ಒಳಗೆ ಗುಂಯ್ಯೆಂದು ತಿರುಗಲು ಹೊರಟಿತು. ಎರಡು ಕ್ಷಣ ಕಳೆದಿಲ್ಲ, ಟಿಕ್ ಎಂದು ಸದ್ದಾಗಿ ತಿರುಗುವುದು ಇಳಿಯಿತು. ದೀಪ ಆರಿ ಮತ್ತೆ ಹತ್ತಿತು. ಮತ್ತೆ ಗುಂಯ್, ಮತ್ತೆ ಟಿಕ್. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಏನೊಂದೂ ಕಾಣಿಸಲಿಲ್ಲ.

ಈ ಟಿಕ್ ಎಂಬ ಸದ್ದು ಕೇಳಿದೊಡನೆ ಬಹಳ ಮಂದಿ ಡಿಸ್ಕು ಸತ್ತಿತೆಂದು ತೀರ್ಮಾನಿಸಿಬಿಡುತ್ತಾರೆ. ಸಾಯುತ್ತಿರುವ ಡಿಸ್ಕೂ ಹೀಗೆಯೇ ಟಿಕ್ಕೆನ್ನುವುದುಂಟು, ಅದು ನಿಜ. ಆದರೆ ಹೊಟ್ಟೆಗಿಲ್ಲದ ಡಿಸ್ಕೂ ಇದೇ ಸದ್ದು ಮಾಡುತ್ತದೆ. ಮೂರ್ಛೆ ಬಿದ್ದವನನ್ನು ಕಂಡು, ಬೆಳಗಿನಿಂದ ಏನಾದರೂ ತಿಂದಿದ್ದಾನೆಯೇ ಎಂದು ಕೇಳುವ ಮೊದಲೇ ಹೊರಲು ನಾಲ್ವರನ್ನು ಕರೆಯಬಹುದೇ?

ಡಿಸ್ಕಿನ ಒಳಗೆ ಇರುವುದೇನೆಂದು ಎರಡು ಮಾತು ಹೇಳಬೇಕು. ೧೯೫೬ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿಯವರು ರಾಮ್ಯಾಕ್ ಎಂಬ ಯಂತ್ರದ ಜೊತೆಗೆ ಲೋಕದ ಮೊದಲನೆಯ ಹಾರ್ಡ್ ಡಿಸ್ಕನ್ನು ಹೊರತಂದರು. ೨೪ ಅಂಗುಲ ಅಗಲದ ೫೦ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ, ಬೀರುವಿಗಿಂತ ದೊಡ್ಡದಾದ, ಒಂದು ಟನ್ನಿನಷ್ಟು ಭಾರದ ವಸ್ತು ಅದು. ಅದರಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರ. ಇಂದಿನ ಲೆಕ್ಕದಲ್ಲಿ ನೋಡಿದರೆ ರಾಯರ ತಾಯಿಯವರ ಒಂದೇ ಒಂದು ಹಾಡು ಹಿಡಿದರೆ ಹೆಚ್ಚು. ಈಗ ನಮ್ಮ ಅಂಗೈಯಲ್ಲಿ ಕೂರುವ ಡಿಸ್ಕಿನಲ್ಲಿ ಹಾಡನ್ನು ಲಕ್ಷಗಟ್ಟಲೆ ತುಂಬಬಹುದು. ಆದರೆ ಹೂರಣ ಅದೇ. ತಟ್ಟೆ ತಿರುಗಬೇಕು, ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಅದರ ಮೇಲೆ ಆಡಬೇಕು. ಚಿಕ್ಕ ಡಿಸ್ಕುಗಳಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ತೋಳಿನ ತುದಿ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಮೇಲೆ, ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ ಎತ್ತರದಲ್ಲಿ ತೇಲುತ್ತದೆ. ತಟ್ಟೆ ಸಾಕಷ್ಟು ವೇಗಕ್ಕೆ ಬಾರದಿದ್ದರೆ, ಅಥವಾ ನಡುವೆ ವಿದ್ಯುತ್ತು ಕುಸಿದರೆ, ತೋಳು ಹಿಂದಕ್ಕೆ ಸರಿದು ತನ್ನ ಗೂಡಿಗೆ ಸೇರಿಕೊಳ್ಳುತ್ತದೆ. ಟಿಕ್ ಎಂಬುದು ಆ ಸರಿಯುವ ಸದ್ದು.

ಮನೆಯಲ್ಲಿ ರುಬ್ಬುವ ಕಲ್ಲು ತಿರುವಿದವರಿಗೆ ಮುಂದಿನ ಮಾತು ಹೇಳಿಕೊಡಬೇಕಾದುದಿಲ್ಲ. ನಿಂತ ಗುಂಡನ್ನು ಮೊದಲ ಸುತ್ತು ತಿರುವುವುದೇ ಕಷ್ಟ. ಒಮ್ಮೆ ಹೊರಟರೆ ಕೈಯ ಓಘಕ್ಕೆ ಸುಲಭವಾಗಿ ಸುತ್ತುತ್ತದೆ. ಡಿಸ್ಕೂ ಹಾಗೆಯೇ. ತಿರುಗುತ್ತಿರುವಾಗ ಅದಕ್ಕೆ ಅರ್ಧ ಆಂಪಿಯರಿನ ಆಸುಪಾಸು ವಿದ್ಯುತ್ತು ಸಾಕು; ಹೊರಡುವ ಮೊದಲ ಒಂದೆರಡು ಕ್ಷಣ ಮಾತ್ರ ಒಂದು ಆಂಪಿಯರಿನಷ್ಟು ಬೇಡುತ್ತದೆ. ಈ ಒಂದೆರಡು ಕ್ಷಣದಲ್ಲಿಯೇ ಎಲ್ಲ ಜಗಳ.

ಏಕೆಂದರೆ ಕಂಪ್ಯೂಟರಿನ ಯು.ಎಸ್.ಬಿ. ಪೋರ್ಟು ಕೊಡುವುದು ಅಳೆದು ಸುರಿದ ಪಡಿ. ಹಳೆಯ ತರಹದ ಪೋರ್ಟಿಗೆ, ಎಂದರೆ ಎರಡನೆಯ ತಲೆಮಾರಿನದಕ್ಕೆ, ನಿಯಮದ ಪ್ರಕಾರ ೫ ವೋಲ್ಟಿನಲ್ಲಿ ಅರ್ಧ ಆಂಪಿಯರು. ೨೦೦೮ರಲ್ಲಿ ಬಂದ ಮೂರನೆಯ ತಲೆಮಾರಿನದಕ್ಕೆ ೯೦೦ ಮಿಲಿ ಆಂಪಿಯರು. ಆ ಪೋರ್ಟಿನ ಒಳನಾಲಗೆ ಬಹಳ ಸಲ ನೀಲಿ ಬಣ್ಣದ್ದಾಗಿರುತ್ತದೆ, ಗುರುತಿಗೆ ಅದೇ ಸಾಕು. ಕೆಲವು ಕಂಪ್ಯೂಟರುಗಳು ಧಾರಾಳಿಗಳು, ನಿಯಮಕ್ಕಿಂತ ಹೆಚ್ಚೇ ಕೊಡುತ್ತವೆ, ಕೆಲವು ಜಿಪುಣ. ಅದಕ್ಕಾಗಿಯೇ ಒಬ್ಬರ ಮನೆಯಲ್ಲಿ ಓಡಿದ ಡಿಸ್ಕು ಇನ್ನೊಬ್ಬರ ಮನೆಯಲ್ಲಿ ಮುನಿಸಿಕೊಳ್ಳುವುದು.

ಸರಿ, ಇಷ್ಟು ತಿಳಿದ ಮೇಲೆ ನಾವು ರಾಯರ ಮನೆಗೆ ಇಳಿದು ಹೋದೆವು. ಅವರ ಕಂಪ್ಯೂಟರು ಮೇಜಿನ ಕೆಳಗೆ ಇಡುವ ದೊಡ್ಡ ಪೆಟ್ಟಿಗೆಯದು. ಬಗ್ಗಲು ಆಗದೆಂದು ಡಿಸ್ಕನ್ನು ಯಾವಾಗಲೂ ಮುಂಭಾಗದ ಪೋರ್ಟಿಗೇ ಚುಚ್ಚುತ್ತಿದ್ದರು. ಮುಂಭಾಗದ ಪೋರ್ಟಿಗೆ ಒಳಗಿನ ಮುಖ್ಯ ಹಲಗೆಯಿಂದ ಮತ್ತೊಂದು ತೆಳು ವೈರು ಬಂದಿರುತ್ತದೆ. ಹಿಂಭಾಗದವು ಹಲಗೆಗೇ ಬೆಸೆದಿರುತ್ತವೆ. ನಾವು ನೆಲದ ಮೇಲೆ ಕುಳಿತು ಹಿಂಭಾಗಕ್ಕೆ ಚುಚ್ಚಿದೆವು. ಸದ್ದು ತುಸು ಬದಲಾಯಿತು. ಗುಂಯ್ ಎಂಬುದು ಮೊದಲಿಗಿಂತ ಒಂದು ಕ್ಷಣ ಹೆಚ್ಚು ಏರಿ ನಿಂತು, ಆ ಮೇಲೆ ಟಿಕ್ಕೆಂದಿತು. ರಾಯರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನಮಗೆ ಮಾತ್ರ ಧೈರ್ಯ ಬಂತು. ಪೋರ್ಟು ಬದಲಾಯಿಸಿದರೆ ರೋಗದ ಲಕ್ಷಣ ಬದಲಾಯಿತೆಂದಾದರೆ ರೋಗ ಡಿಸ್ಕಿನೊಳಗೇ ಇರಬೇಕಾಗಿಲ್ಲ.

ಆಗ ನಮ್ಮ ಕಣ್ಣು ವೈರಿನ ಮೇಲೆ ಬಿತ್ತು.

ಈ ಚಿಕ್ಕ ಡಿಸ್ಕುಗಳಿಗೆ ಕಂಪನಿಯವರು ಕೊಡುವ ವೈರು ಗಿಡ್ಡ, ಒಂದೂವರೆ ಅಡಿಯಷ್ಟು. ಅದರ ಮೂತಿ ಅಗಲ, ನಡುವೆ ಒಂದು ಕಚ್ಚು ಇದ್ದು ಎರಡು ಭಾಗವಾದಂತೆ ಕಾಣುತ್ತದೆ. ರಾಯರ ಕೈಯಲ್ಲಿ ಇದ್ದುದು ಎರಡು ಮೀಟರು ಉದ್ದದ, ಸೇವಿಗೆಗಿಂತ ಚೂರು ದಪ್ಪದ ವೈರು. "ಇದೆಲ್ಲಿಯದು?" ಎಂದು ಕೇಳಿದೆವು. ಕಂಪನಿಯ ವೈರು ಎರಡು ವರುಷದ ಹಿಂದೆ ಕಳೆದುಹೋಯಿತಂತೆ. ಮೊಮ್ಮಗ ಜಾಣ, ಹಳೆಯ ಫೋನು ಚಾರ್ಜು ಮಾಡುವ ವೈರಿನ ಸಣ್ಣ ಮೂತಿ ಡಿಸ್ಕಿನ ಅಗಲದ ಬಾಯಿಯ ಅರ್ಧಭಾಗಕ್ಕೆ ಸರಿಯಾಗಿ ಹೊಂದುತ್ತದೆಂದು ಕಂಡುಹಿಡಿದಿದ್ದ. ಹೊಂದುವುದು ನಿಜವೇ. ಹಳೆಯ ವೈರುಗಳೂ ಬಳಕೆಗೆ ಬರಲೆಂದು ಬಾಯಿಯನ್ನು ಹಾಗೆಯೇ ಮಾಡಿದ್ದಾರೆ. ಆದರೆ ಅರ್ಧ ಬಾಯಿಗೆ ಅರ್ಧ ಊಟ: ಆ ವೈರಿನಲ್ಲಿ ಡಿಸ್ಕು ಎರಡನೆಯ ತಲೆಮಾರಿನ ರೀತಿಯಲ್ಲಿಯೇ ಮಾತಾಡಬೇಕು, ಅರ್ಧ ಆಂಪಿಯರಿನ ಪಡಿಯನ್ನೇ ನೆಚ್ಚಬೇಕು. ಅಂಗಡಿಗೂ ರಾಯರು ಇದೇ ವೈರನ್ನು ಸುತ್ತಿಕೊಂಡು ಹೋಗಿದ್ದರು. ಅಂಗಡಿಯವನೂ ಅದನ್ನೇ ಚುಚ್ಚಿ ನೋಡಿ, ಸತ್ತಿತೆಂದು ಹೇಳಿ ಕಳುಹಿಸಿದ್ದನು.

ವೈರು ತೆಳುವಾದರೆ, ಉದ್ದವಾದರೆ ಏನಾಗುತ್ತದೆ ಎಂಬುದಕ್ಕೆ ನಾವು ವಡಾಲದವರು ದೂರ ಹೋಗಬೇಕಾಗಿಲ್ಲ. ವಡಾಲಾ ರೋಡ್ ಸ್ಟೇಷನ್ನಿನ ಪ್ಲಾಟ್‌ಫಾರಮಿನ ಮೇಲೆ ನಿಂತು ತಲೆ ಎತ್ತಿ ನೋಡಿದರೆ ಸಾಕು. ಭಾರತದ ಮೊದಲ ವಿದ್ಯುತ್ ರೈಲು ೧೯೨೫ರ ಫೆಬ್ರವರಿ ೩ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿತು. ಅದು ಓಡಿದ್ದು ಇದೇ ಹಾರ್ಬರ್ ಮಾರ್ಗದಲ್ಲಿ. ಆಗ ಮೇಲಿನ ತಂತಿಗೆ ಕೊಟ್ಟದ್ದು ೧,೫೦೦ ವೋಲ್ಟಿನ ನೇರ ವಿದ್ಯುತ್ತು. ಒತ್ತಡ ಕಡಮೆಯಾದ್ದರಿಂದ ಬೇಕಾದ ಶಕ್ತಿಗೆ ಆಂಪಿಯರು ಬಹಳ ಹರಿಯಬೇಕು. ಬಹಳ ಹರಿದಷ್ಟೂ ತಂತಿಯೇ ದಾರಿಯಲ್ಲಿ ವೋಲ್ಟನ್ನು ತಿನ್ನುತ್ತದೆ. ಅದಕ್ಕಾಗಿ ಕೆಲವೇ ಮೈಲಿಗೊಂದರಂತೆ ವಿದ್ಯುತ್ತು ಉಣಿಸುವ ಕೇಂದ್ರ ಕಟ್ಟಬೇಕಾಗಿತ್ತು. ೨೦೧೬ರ ಏಪ್ರಿಲಿನಲ್ಲಿ ಈ ಮಾರ್ಗವನ್ನು ೨೫,೦೦೦ ವೋಲ್ಟಿಗೆ ಬದಲಾಯಿಸಿದರು. ನಮ್ಮ ನಾಡಿನವರು ಈ ಪಾಠವನ್ನು ಇನ್ನೂ ಮೊದಲೇ ಕಲಿತಿದ್ದರು: ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ೯೦ ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದಾಗ, ಅದನ್ನು ಸಾವಿರಾರು ವೋಲ್ಟಿಗೆ ಏರಿಸಿಯೇ ತಂತಿಗೆ ಹತ್ತಿಸಿದರು. ಇಲ್ಲವಾಗಿದ್ದರೆ ದಾರಿಯಲ್ಲಿಯೇ ಬಹುಪಾಲು ಕರಗಿಹೋಗುತ್ತಿತ್ತು.

ಡಿಸ್ಕಿನ ವೈರಿನಲ್ಲಿ ಏರಿಸುವ ಉಪಾಯವಿಲ್ಲ, ಇರುವುದೇ ೫ ವೋಲ್ಟು. ಲೆಕ್ಕ ಹಾಕಿ ನೋಡೋಣ. ಅಗ್ಗದ ವೈರುಗಳಲ್ಲಿ ಸಾಮಾನ್ಯವಾಗಿ ಇರುವುದು ೨೮ನೆಯ ಗೇಜಿನ ತಾಮ್ರದ ಎಳೆ. ಅದರ ತಡೆ ಮೀಟರಿಗೆ ಸುಮಾರು ೦.೨೧ ಓಮು. ಎರಡು ಮೀಟರಿನ ವೈರೆಂದರೆ ಹೋಗಲು ಎರಡು, ಬರಲು ಎರಡು, ಒಟ್ಟು ನಾಲ್ಕು ಮೀಟರು: ಸುಮಾರು ೦.೮೫ ಓಮು. ಡಿಸ್ಕು ಹೊರಡುವಾಗ ಒಂದು ಆಂಪಿಯರು ಎಳೆದರೆ ವೈರೊಂದೇ ೦.೮೫ ವೋಲ್ಟನ್ನು ನುಂಗಿಬಿಡುತ್ತದೆ. ಉಳಿಯುವುದು ೪.೧೫. ಈ ಡಿಸ್ಕುಗಳನ್ನು ಮಾಡುವವರು ಸಾಮಾನ್ಯವಾಗಿ ಹೇಳುವುದು ನೂರಕ್ಕೆ ಐದರಷ್ಟು ಏರಿಳಿತ ಮಾತ್ರ ಸರಿ ಎಂದು, ಅಂದರೆ ೪.೭೫ಕ್ಕಿಂತ ಇಳಿಯಬಾರದು. ಪೋರ್ಟು ಎಷ್ಟು ಧಾರಾಳಿಯಾದರೇನು, ದಾರಿಯಲ್ಲಿ ಈ ದಳ್ಳಾಳಿ ಕುಳಿತಿದ್ದಾನೆ! ಅದೇ ಎಳೆಯ ಅರ್ಧ ಮೀಟರಿನ ವೈರಾಗಿದ್ದರೆ ನಷ್ಟ ೦.೨೧, ದಪ್ಪ ಎಳೆಯದಾದರೆ ಅದಕ್ಕೂ ಕಡಮೆ. ಹಳೆಯ ವೈರಿನ ಮೂತಿಗೆ ನಮ್ಮ ಕಡಲ ಗಾಳಿಯ ಕಿಲುಬು ಹಿಡಿದಿದ್ದರೆ ಆ ತಡೆ ಬೇರೆ ಸೇರಿಕೊಳ್ಳುತ್ತದೆ.

ಮರುದಿನ ನಾವು ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಬಿಡಿಸಾಮಾನುಗಳ ಆ ಪೇಟೆಯಲ್ಲಿ ಅಗಲ ಮೂತಿಯ ವೈರು ಸಿಗದ ಅಂಗಡಿ ಇಲ್ಲ. ದಪ್ಪದ್ದು, ಗಿಡ್ಡದ್ದು ಎಂದು ಕೇಳಿ ತೆಗೆದುಕೊಂಡೆವು. ಅದರ ಬೆಲೆಯನ್ನು ಅಂಗಡಿಯವನ ಮೂವತ್ತು ಸಾವಿರದ ಪಕ್ಕದಲ್ಲಿ ಬರೆಯಲು ನಾಚಿಕೆಯಾಗುತ್ತದೆ. ರಾಯರು ನಮಗೆ ಕೊಡಿಸಿದ ಎರಡು ದೋಸೆ, ಎರಡು ಕಾಫಿಯ ಖರ್ಚು ಅದಕ್ಕಿಂತ ಹೆಚ್ಚಾಯಿತು. ಅದರ ಜೊತೆಗೆ, ಬೇಕಾದೀತೆಂದು, ಗೋಡೆಯ ಪ್ಲಗ್ಗಿನಿಂದ ಸ್ವಂತ ವಿದ್ಯುತ್ತು ಪಡೆಯುವ ಒಂದು ಹಬ್ಬನ್ನೂ ತಂದೆವು. ಹಬ್ಬುಗಳಲ್ಲಿ ಎರಡು ಜಾತಿ ಎಂಬುದನ್ನು ಓದುಗರು ನೆನಪಿಡಬೇಕು. ಸ್ವಂತ ಅಡಾಪ್ಟರು ಇಲ್ಲದ ಹಬ್ಬು ಕಂಪ್ಯೂಟರಿನ ಒಂದೇ ಪಡಿಯನ್ನು ನಾಲ್ಕು ಬಾಯಿಗೆ ಹಂಚುತ್ತದೆ. ಕೀಲಿಮಣೆ, ಮೌಸು, ಚಾರ್ಜಿಗಿಟ್ಟ ಫೋನು ಇವುಗಳ ನಡುವೆ ಡಿಸ್ಕನ್ನೂ ಕೂರಿಸಿದರೆ ಅದಕ್ಕೆ ಸಿಗುವುದು ಎಲೆಯ ಕೊನೆಯ ಉಪ್ಪಿನಕಾಯಿ ಮಾತ್ರ. ಅಡಾಪ್ಟರು ಇರುವ ಹಬ್ಬು ತನ್ನ ಮನೆಯ ಅಡಿಗೆಯನ್ನೇ ಬಡಿಸುತ್ತದೆ. ಹಳೆಯ ಕಾಲದಲ್ಲಿ ಎರಡು ಪೋರ್ಟಿಗೆ ಒಟ್ಟಿಗೆ ಚುಚ್ಚುವ ಕವಲು ವೈರೂ ಬರುತ್ತಿತ್ತು. ಹಳೆಯ ಲ್ಯಾಪ್‌ಟಾಪು ಇರುವವರಿಗೆ ಅದು ಈಗಲೂ ಉಪಕಾರಿಯೇ.

ಹೊಸ ವೈರನ್ನು ಹಿಂಭಾಗದ ನೀಲಿ ಪೋರ್ಟಿಗೆ ಚುಚ್ಚಿದೆವು. ಗುಂಯ್ ಎಂದಿತು, ಏರಿತು, ಏರಿ ನಿಂತಿತು. ಟಿಕ್ ಎನ್ನಲಿಲ್ಲ. ಹಬ್ಬನ್ನು ಪೊಟ್ಟಣದಿಂದ ತೆಗೆಯಬೇಕಾದ ಪ್ರಸಂಗವೇ ಬರಲಿಲ್ಲ. ರಾಯರು ಕೈ ಜೋಡಿಸಿದರು. ಅವರ ಸೊಸೆ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲಿಯೇ ಓಡಿಬಂದರು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ರಾಯರ ಬೆರಳು ಆಗಲೇ ಒಪ್ಪಿಗೆಯ ಗುಂಡಿಯ ಕಡೆಗೆ ಹೊರಟಿತ್ತು. ನಾವು ಅವರ ಮಣಿಕಟ್ಟು ಹಿಡಿದುಕೊಂಡೆವು. ಹಿರಿಯರ ಕೈ ಹಿಡಿದದ್ದು ತಪ್ಪೇ ಸರಿ, ಆದರೆ ಬೇರೆ ದಾರಿ ಇರಲಿಲ್ಲ.

ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಹೊರಟು ನಿಂತು, ಹೊರಟು ನಿಂತು ಮಾಡಿದ ಡಿಸ್ಕಿಗೆ ತನ್ನ ಪರಿವಿಡಿಯ ಪುಟ ಕಲಸಿಹೋಗಿರುತ್ತದೆ. ಪುಸ್ತಕದ ಹಾಳೆಗಳು ಇರುತ್ತವೆ. ಯಾವ ಅಧ್ಯಾಯ ಯಾವ ಪುಟದಲ್ಲಿ ಎಂಬುದು ಮಾತ್ರ ಓದಲು ಬಾರದು. ಕಂಪ್ಯೂಟರು ಅದನ್ನು ಕಂಡು, ಇದು ಬರಿಯ ಹಾಳೆ, ಹೊಸದಾಗಿ ಗೆರೆ ಎಳೆದುಕೊಡಲೇ ಎಂದು ಕೇಳುತ್ತದೆ. ಅದರ ಪ್ರಶ್ನೆಯಲ್ಲಿ ಕಪಟವಿಲ್ಲ. ಆದರೆ ಹೌದೆಂದವರ ಗತಿ ಹೇಳತೀರದು. ಇಲ್ಲ ಎನ್ನಬೇಕು. ಡಿಸ್ಕನ್ನು ಸರಿಪಡಿಸುವ ಆಜ್ಞೆಗಳೂ ಕಂಪ್ಯೂಟರಿನಲ್ಲಿ ಇವೆ. ಅವನ್ನೂ ಆಗ ಮುಟ್ಟಬಾರದು, ಅವು ಡಿಸ್ಕಿನ ಮೇಲೆಯೇ ಬರೆಯುತ್ತವೆ. ಮೊದಲು ಏನನ್ನೂ ಬರೆಯದೆ, ಬರಿದೆ ಓದಿ, ಹೊರಗೆ ತೆಗೆದುಕೊಳ್ಳುವ ಕೆಲಸ. ಹೀಗೆ ಓದಿ ತೆಗೆಯುವ ಸಲಕರಣೆಗಳು ದುಡ್ಡು ಕೊಡದೆಯೇ ದೊರೆಯುತ್ತವೆ. ನಾವು ಬೇರೊಂದು ಹೊಸ ಡಿಸ್ಕನ್ನು ಪಕ್ಕದಲ್ಲಿಟ್ಟು, ಇಡೀ ರಾತ್ರಿ ಅದರ ಪ್ರತಿ ಇಳಿಸಿದೆವು. ಕಂಪ್ಯೂಟರು ನಿದ್ದೆಗೆ ಜಾರದಂತೆ ಮೊದಲೇ ಕಟ್ಟುಮಾಡಿದ್ದೆವು. ಸಾಲದ್ದಕ್ಕೆ ವಿದ್ಯುತ್ತು ಉಳಿಸಲೆಂದು ಯು.ಎಸ್.ಬಿ. ಪೋರ್ಟನ್ನೇ ಆಗಾಗ ಮಲಗಿಸುವ ಒಂದು ಏರ್ಪಾಟು ವಿಂಡೋಸಿನಲ್ಲಿದೆ. ಐದು ನಿಮಿಷ ನೆಟ್ಟಗೆ ಇದ್ದ ಡಿಸ್ಕು ಇದ್ದಕ್ಕಿದ್ದಂತೆ ಮಾಯವಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಅದನ್ನೂ ನಿಲ್ಲಿಸಿದ್ದೆವು.

ಆ ರಾತ್ರಿ ಕರೆಂಟು ಹೋದರೆ ಏನು ಗತಿ ಎಂದು ರಾಯರು ಮತ್ತೆ ಮತ್ತೆ ಕೇಳಿದರು. ನಮ್ಮ ವಡಾಲ ಬೆಸ್ಟಿನವರ ಸರಬರಾಜಿಗೆ ಸೇರಿದ್ದು, ಕರೆಂಟು ಹೋಗುವುದು ಅಪರೂಪ. ಆದರೂ ೨೦೨೦ರ ಅಕ್ಟೋಬರ್ ೧೨ರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿಗೆ ಮುಂಬಯಿಯೇ ಕತ್ತಲಾಗಿ, ಲೋಕಲ್ ರೈಲುಗಳು ನಿಂತಲ್ಲೇ ನಿಂತದ್ದನ್ನು ಯಾರು ಮರೆತಿದ್ದಾರೆ? ಆ ದಿನ ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿದ್ದ ಎಷ್ಟೋ ಮಂದಿಯ ಡಿಸ್ಕುಗಳು ನಡುವೆಯೇ ಉಸಿರು ಬಿಟ್ಟಿರಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿ ಇರುತ್ತದೆ. ದೊಡ್ಡ ಪೆಟ್ಟಿಗೆಯಾದರೆ ಒಂದು ಯು.ಪಿ.ಎಸ್. ಬೇಕು. ನಾವು ನಮ್ಮ ಮನೆಯದನ್ನು ಹೊತ್ತು ತಂದು ಇಟ್ಟೆವು, ರಾಯರಿಗೆ ನಿದ್ದೆ ಬರಲೆಂದು. ಅವರು ಮಲಗಲಿಲ್ಲ.

ಇಲ್ಲಿ ಬೇರೆ ಓದುಗರಿಗಾಗಿ ಒಂದೆರಡು ಮಾತು ಹೇಳಿ ಮುಂದಕ್ಕೆ ಹೋಗುತ್ತೇವೆ. ಇಟ್ಟಿಗೆಯಂಥ ದೊಡ್ಡ ಡಿಸ್ಕುಗಳಿಗೆ ೫ ವೋಲ್ಟು ಸಾಲದು, ೧೨ ವೋಲ್ಟಿನ ಸ್ವಂತ ಅಡಾಪ್ಟರು ಇರುತ್ತದೆ. ಅವು ತಿರುಗದಿದ್ದರೆ ಮೊದಲು ಅನುಮಾನಿಸಬೇಕಾದುದು ಆ ಅಡಾಪ್ಟರನ್ನು; ವರುಷಗಳು ಕಳೆದಂತೆ ಅದು ಸೊರಗುತ್ತದೆ. ಬದಲಿಗೆ ತರುವಾಗ ಮೇಲಿನ ಚೀಟಿ ಓದಿ, ವೋಲ್ಟು ಅಷ್ಟೇ, ಆಂಪಿಯರು ಅಷ್ಟೇ ಅಥವಾ ಹೆಚ್ಚು, ಮೂತಿಯ ಒಳಹೊರಗಿನ ಧನ ಋಣ ಚಿಹ್ನೆಯೂ ಅದೇ ಇರುವಂತೆ ನೋಡಿ ತರಬೇಕು. ಲ್ಯಾಪ್‌ಟಾಪಿನ ೧೯ ವೋಲ್ಟಿನ ಅಡಾಪ್ಟರು ಮೂತಿಗೆ ಹೊಂದಿತೆಂದು ಚುಚ್ಚಿ ಡಿಸ್ಕನ್ನು ಸುಟ್ಟುಕೊಂಡ ಒಬ್ಬ ಮಿತ್ರರು ನಮಗೆ ಇದ್ದಾರೆ. ಟೆಲಿವಿಷನ್ನಿನ ಪೋರ್ಟಿಗೆ ಡಿಸ್ಕು ಚುಚ್ಚಿ, ಬರುವುದಿಲ್ಲವೆಂದು ಕೊರಗುವವರೂ ಬಹಳ. ಟೆಲಿವಿಷನ್ನು ಪೆನ್ ಡ್ರೈವಿಗೆ ಹೇಳಿ ಮಾಡಿಸಿದ್ದು, ತಿರುಗುವ ಡಿಸ್ಕಿಗೆ ಅದರ ಕೈ ಬಹಳ ಸಲ ಗಿಡ್ಡ. ತಿರುಗುವ ತಟ್ಟೆಯೇ ಇಲ್ಲದ ಹೊಸ ಬಗೆಯ ಎಸ್.ಎಸ್.ಡಿ. ಕೊಂಡವರಿಗೆ ಈ ಟಿಕ್ಕಿನ ಕಾಟವಿಲ್ಲ, ಆದರೆ ಕೆಟ್ಟ ವೈರಿನ ಕಾಟ ಅವರಿಗೂ ಉಂಟು.

ಒಳ್ಳೆಯ ವೈರು, ಒಳ್ಳೆಯ ಪೋರ್ಟು, ಬೇರೆ ಕಂಪ್ಯೂಟರು ಇಷ್ಟನ್ನೂ ನೋಡಿದ ಮೇಲೂ ಟಿಕ್ ನಿಲ್ಲದಿದ್ದರೆ? ಆಗ ಅಂಗಡಿಯವನ ಮಾತು ನಿಜವಿರಬಹುದು. ಅಲ್ಲಿಗೆ ಕೈ ಬಿಡಬೇಕು. ಇನ್ನೊಮ್ಮೆ, ಮತ್ತೊಮ್ಮೆ ಎಂದು ಚುಚ್ಚಿದಷ್ಟೂ ತೋಳು ತಟ್ಟೆಯನ್ನು ಕೆರೆದೀತು. ಫ್ರಿಜ್ಜಿನಲ್ಲಿಟ್ಟರೆ ಬರುತ್ತದೆಂದು ಹೇಳುವವರುಂಟು. ನಮ್ಮ ಮುಂಬಯಿಯ ಮಳೆಗಾಲದಲ್ಲಿ ತಣ್ಣನೆಯ ಡಿಸ್ಕನ್ನು ಹೊರಗೆ ತೆಗೆದರೆ ಅದರ ಮೇಲೆ ಬೆವರು ಇಳಿಯುವುದನ್ನು ಅವರು ನೋಡಿಲ್ಲ. ಮುಚ್ಚಳ ಬಿಚ್ಚಿ ನೋಡುವುದಂತೂ ಬೇಡವೇ ಬೇಡ: ಅಗರಬತ್ತಿಯ ಹೊಗೆಯ ಒಂದು ಕಣ ಆ ತೋಳಿನ ದಾರಿಯಲ್ಲಿ ಬಂಡೆಯಿದ್ದಂತೆ. ಈಚಿನ ಚಿಕ್ಕ ಡಿಸ್ಕುಗಳಲ್ಲಿ ಯು.ಎಸ್.ಬಿ. ಬಾಯಿಯನ್ನು ಡಿಸ್ಕಿನ ಹಲಗೆಗೇ ಬೆಸೆದಿರುತ್ತಾರೆ, ಕೆಲವದರಲ್ಲಿ ಬರಹವನ್ನು ಗುಪ್ತಲಿಪಿಗೆ ತಿರುಗಿಸುವ ಚಿಪ್ಪೂ ಅಲ್ಲೇ ಇರುತ್ತದೆ. ಆದಕಾರಣ ಬಿಚ್ಚಿ ಬೇರೆ ಡಬ್ಬಿಗೆ ಹಾಕಿದರೆ ಬಂದೀತೆಂಬ ಹಳೆಯ ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ.

ಬೆಳಿಗ್ಗೆ ಐದೂವರೆಗೆ ನಾವು ಮೇಲಿನಿಂದ ಇಳಿದು ಬಂದಾಗ ರಾಯರು ಕುರ್ಚಿಯಲ್ಲಿಯೇ ಇದ್ದರು. ಪ್ರತಿ ಮುಗಿದಿತ್ತು. ೪೩ ಹಾಡುಗಳಲ್ಲಿ ೪೧ ಪೂರಾ ಬಂದಿದ್ದುವು. ಎರಡು ಅರ್ಧಕ್ಕೆ ನಿಂತಿದ್ದುವು. ಅಲ್ಲಿ ತಟ್ಟೆಯನ್ನು ಓದಲಾಗಲಿಲ್ಲ. ಆ ಎರಡರಲ್ಲಿ ಒಂದು ಎಣ್ಣೆಯ ಹಾಡೇ ಆಗಿತ್ತು.

ಅದನ್ನೇ ಮೊದಲು ಹಚ್ಚಿದೆವು. ಹಿಂದೆ ಎಲ್ಲಿಯೋ ಕುಕ್ಕರು ಕೂಗಿತು. ಇನ್ನೂ ಹಿಂದೆ, ೧೯೮೬ರ ಹಾರ್ಬರ್ ಲೋಕಲಿನ ಹಾರ್ನು. ಅದರ ನಡುವೆ ಒಬ್ಬ ಮುದುಕಿಯ ದನಿ, ಚೂರು ನಡುಗುವ, ಆದರೆ ತಾಳ ತಪ್ಪದ ದನಿ. ರಾಯರ ಸೊಸೆ ಆಕೆಯನ್ನು ಕಂಡವರಲ್ಲ. ಬಾಗಿಲಿನ ಚೌಕಟ್ಟಿಗೆ ಆನಿಕೊಂಡು ನಿಂತರು. ಮೂರನೆಯ ನುಡಿಯ ನಡುವೆ ದನಿ ಕತ್ತರಿಸಿದಂತೆ ನಿಂತಿತು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರಾಯರು ಹುಬ್ಬಳ್ಳಿಗೆ ಫೋನು ಹಚ್ಚಿದರು.

"ತಂಗೀ, ಅವ್ವನ ಎಣ್ಣಿ ಹಾಡು, ಮೂರನೇ ನುಡಿ ಆದಮ್ಯಾಲ ಏನದ?"

ಆ ಕಡೆಯಿಂದ ನಿದ್ದೆಗಣ್ಣಿನಲ್ಲಿಯೇ ಒಂದು ದನಿ ಹಾಡು ಎತ್ತಿಕೊಂಡಿತು. ರಾಯರು ಮೊಮ್ಮಗನ ಶಾಲೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಒಟ್ಟು ಏಳು ನುಡಿ. ಮೊಮ್ಮಗ ಎದ್ದು ಬಂದು, ಸುಮ್ಮನೆ ಬರೆಯುವುದೇಕೆಂದು ಫೋನಿನ ದನಿಯನ್ನೂ ಹಿಡಿದಿಟ್ಟ.

ಈಗ ಹಾಡುಗಳ ಒಂದು ಪ್ರತಿ ರಾಯರ ಮನೆಯ ಹೊಸ ಡಿಸ್ಕಿನಲ್ಲಿದೆ, ಒಂದು ನಮ್ಮ ಮನೆಯ ಬೀರುವಿನಲ್ಲಿದೆ, ಮೂರನೆಯದು ಪೆನ್ ಡ್ರೈವಿನಲ್ಲಿ ಹುಬ್ಬಳ್ಳಿಗೆ ಹೋಯಿತು. ಡಿಸ್ಕುಗಳ ಜೊತೆಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ಲಿನ ಪುಟ್ಟ ಚೀಲ ಇಟ್ಟಿದ್ದೇವೆ. ಅಗಲ ಮೂತಿಯ ವೈರನ್ನು ರಾಯರ ಸೊಸೆ ಡಿಸ್ಕಿಗೇ ರಬ್ಬರ್ ಬ್ಯಾಂಡಿನಿಂದ ಕಟ್ಟಿಬಿಟ್ಟಿದ್ದಾರೆ. ಆ ಸೇವಿಗೆಯಂಥ ವೈರನ್ನು ಎಸೆಯಬೇಕೆಂದು ನಾವು ಹೇಳಿದೆವು. ಮೊಮ್ಮಗ ಬಿಡಲಿಲ್ಲ, ಅಜ್ಜನ ಹಳೆಯ ಫೋನಿಗೆ ಅದೇ ಬೇಕಂತೆ. ಚಾರ್ಜು ಆಗುವುದು ಬಹಳ ನಿಧಾನ ಎಂದು ಮೊನ್ನೆ ರಾಯರು ದೂರು ತಂದಿದ್ದರು.

ಫ್ರಿಜ್ಜಿನ ವಿಚಾರ ಮುಂದಿನ ಸಂಚಿಕೆಗೆ.